ಮಾತು ಬಿಟ್ಟವರು ಮಾತಾಡೋದು ಹೇಗೆ? ಅಮೆರಿಕ–ಇರಾನ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೆರಿಕ ಮತ್ತು ಇರಾನ್ ಬಗ್ಗೆಯೇ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ. ನಾಳೆ ಯುದ್ಧ ಆಗುತ್ತಾ ಅಂತ ಕೇಳಿದವರು ಕ್ಷಮಿಸಿ, ಅದಕ್ಕೆ ಟಿವಿಯಲ್ಲಿ ಜ್ಯೋತಿಷಿಗಳಿದ್ದಾರೆ.

ಪ್ರಶ್ನೆ: ಇವರಿಬ್ಬರ ನಡುವೆ ರಾಯಭಾರ ಸಂಬಂಧವೇ ಇಲ್ಲ ಅಂತಾರೆ. ಆದರೆ ಪೇಪರ್ ತೆಗೆದರೆ ಮಾತುಕತೆಯದೇ ಸುದ್ದಿ. ಇದು ಹೇಗೆ ಸಾಧ್ಯ?

ಸಂಬಂಧ ಮುರಿದದ್ದು 1980ರ ಏಪ್ರಿಲ್ 7ರಂದು. ಆಗಿನಿಂದ ಟೆಹರಾನ್‌ನಲ್ಲಿ ಅಮೆರಿಕದ ರಾಯಭಾರಿ ಇಲ್ಲ, ವಾಷಿಂಗ್ಟನ್‌ನಲ್ಲಿ ಇರಾನಿನ ರಾಯಭಾರಿ ಇಲ್ಲ. ಆದರೆ ಮಾತು ನಿಂತಿಲ್ಲ, ನಡುವೆ ಯಾರಾದರೂ ಇರುತ್ತಾರೆ ಅಷ್ಟೆ. ಟೆಹರಾನ್‌ನಲ್ಲಿ ಅಮೆರಿಕದ ಪರವಾಗಿ ಸ್ವಿಟ್ಜರ್ಲೆಂಡ್ ಕೆಲಸ ನೋಡಿಕೊಳ್ಳುತ್ತದೆ. ವಾಷಿಂಗ್ಟನ್‌ನಲ್ಲಿ ಇರಾನಿನ ಕೆಲಸವನ್ನು ಮೊದಲು ಅಲ್ಜೀರಿಯಾ ನೋಡಿಕೊಳ್ಳುತ್ತಿತ್ತು, 1992ರಿಂದ ಪಾಕಿಸ್ತಾನ. ಗುಟ್ಟಿನ ಮಾತಿಗೆ ಒಮಾನ್, ದುಡ್ಡು ಮತ್ತು ಕೈದಿಗಳ ವಿಷಯಕ್ಕೆ ಕತಾರ್. ಇದಲ್ಲದೆ ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆ ಇದೆ, ಅಲ್ಲಿ ಇರಾನಿನ ಪ್ರತಿನಿಧಿ ಇದ್ದಾರೆ, ಅವರನ್ನು ಬರಬೇಡಿ ಅನ್ನೋಕೆ ಅಮೆರಿಕಕ್ಕೆ ಸುಲಭವಾಗಿ ಆಗಲ್ಲ. ಆದರೂ ಅವರು ಊರೆಲ್ಲ ಓಡಾಡದ ಹಾಗೆ ಗಡಿ ಹಾಕಿಟ್ಟಿದ್ದಾರೆ.

2020ರ ಜನವರಿ 3ರಂದು ಬಾಗ್ದಾದ್ ವಿಮಾನ ನಿಲ್ದಾಣದ ಹತ್ತಿರ ಅಮೆರಿಕದ ಡ್ರೋನ್ ದಾಳಿಯಲ್ಲಿ ಇರಾನಿನ ಜನರಲ್ ಕಾಸಿಂ ಸುಲೇಮಾನಿ ಸತ್ತರು. ಆವತ್ತೇ ಟೆಹರಾನ್‌ನ ಸ್ವಿಸ್ ರಾಯಭಾರ ಕಚೇರಿಗೆ ಗುಪ್ತಲಿಪಿಯಲ್ಲಿ ಒಂದು ಫ್ಯಾಕ್ಸ್ ಬಂತು. ವಿಷಯವನ್ನು ಇನ್ನೂ ಬೆಳೆಸಬೇಡಿ ಅಂತ ಅಮೆರಿಕ ಹೇಳಿತ್ತು. ಸ್ವಿಸ್ ರಾಯಭಾರಿ ಅದನ್ನು ತಗೊಂಡು ಹೋಗಿ ಇರಾನಿನ ವಿದೇಶಾಂಗ ಸಚಿವರಿಗೆ ಮುಟ್ಟಿಸಿದರು, ಉತ್ತರ ತಂದರು, ಮತ್ತೆ ಹೋದರು. ಹೊರಗೆ ಟ್ವಿಟರ್‌ನಲ್ಲಿ ಟ್ರಂಪ್ ಇರಾನಿನ 52 ಜಾಗಗಳನ್ನು ಗುರುತು ಮಾಡಿಟ್ಟಿದ್ದೇವೆ ಅಂತ ಗುಡುಗುತ್ತಿದ್ದರು. ಅಬ್ಬರವೆಲ್ಲ ಊರಿಗೆ ಕೇಳುವ ಹಾಗೆ, ತಣ್ಣಗಿನ ಮಾತು ಫ್ಯಾಕ್ಸ್‌ನಲ್ಲಿ.

ಹಾಗಾಗಿ ಇವರು ಮಾತಾಡುವುದಿಲ್ಲ ಅನ್ನೋ ದೂರು ನನ್ನದಲ್ಲ. ದೊಡ್ಡ ಮಾತಿಗೆ ಇವರಲ್ಲಿ ಕೊರತೆಯಿಲ್ಲ, ಸಣ್ಣ ಮಾತೇ ಇಲ್ಲ. ಬೇರೆ ದೇಶಗಳ ನಡುವೆ ಒಂದು ಹಡಗು ಸಿಕ್ಕಿಬಿದ್ದರೆ, ಒಬ್ಬ ವಿದ್ಯಾರ್ಥಿಯನ್ನು ಪೊಲೀಸರು ಹಿಡಿದರೆ, ರಾಯಭಾರ ಕಚೇರಿಯ ಯಾವುದೋ ಕೆಳಹಂತದ ಅಧಿಕಾರಿ ಫೋನ್ ಎತ್ತಿ ಮುಗಿಸಿಬಿಡುತ್ತಾನೆ, ಅದು ಸುದ್ದಿಯೂ ಆಗಲ್ಲ. ಇಲ್ಲಿ ಅಂಥ ಅಧಿಕಾರಿಯೇ ಇಲ್ಲ. ಎಲ್ಲವೂ ಮಂತ್ರಿಯ ಮಟ್ಟಕ್ಕೇ ಹೋಗಬೇಕು, ಮಂತ್ರಿ ಕೈಕುಲುಕಿದರೆ ಮಾರನೇ ದಿನ ಮುಖಪುಟ, ಆಮೇಲೆ ಅವನ ಊರಿನಲ್ಲೇ ಅವನಿಗೆ ಪೂಜೆ.

ಪ್ರಶ್ನೆ: ಜಗಳ ಶುರುವಾದದ್ದು 1953ರಲ್ಲೋ 1979ರಲ್ಲೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹೇಳುವವರು ಎಲ್ಲಿಯವರು ನೋಡಿ, ಗೊತ್ತಾಗುತ್ತೆ. ಇರಾನಿನವರನ್ನು ಕೇಳಿದರೆ 1953. ಅಮೆರಿಕದವರನ್ನು ಕೇಳಿದರೆ 1979.

1951ರಲ್ಲಿ ಪ್ರಧಾನಿ ಮೊಹಮ್ಮದ್ ಮೊಸಾದೆಗ್ ಇರಾನಿನ ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿದರು. ಅಲ್ಲಿಯವರೆಗೆ ಅದು ಆಂಗ್ಲೋ–ಇರಾನಿಯನ್ ಆಯಿಲ್ ಕಂಪನಿಯ ಕೈಯಲ್ಲಿತ್ತು. ಆಬಾದಾನ್‌ನಲ್ಲಿದ್ದದ್ದು ಆಗಿನ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಎಣ್ಣೆ ಸಂಸ್ಕರಣಾ ಘಟಕ. ಬ್ರಿಟನ್ ಸುಮ್ಮನಿರುತ್ತಾ? ಇರಾನಿನ ಎಣ್ಣೆಯನ್ನು ಯಾರೂ ಕೊಳ್ಳದ ಹಾಗೆ ಮಾಡಿತು, ಮೊಸಾದೆಗ್‌ರನ್ನು ಕೆಳಗಿಳಿಸೋಕೆ ಅಮೆರಿಕದ ಸಹಾಯ ಕೇಳಿತು. ಆಗಿನ ಅಮೆರಿಕದ ಅಧ್ಯಕ್ಷ ಟ್ರೂಮನ್ ಒಪ್ಪಲಿಲ್ಲ. 1953ರಲ್ಲಿ ಐಸೆನ್‌ಹೋವರ್ ಬಂದರು, ಒಪ್ಪಿದರು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕೆಲಸ ಕೊಟ್ಟದ್ದು ಕರ್ಮಿಟ್ ರೂಸ್‌ವೆಲ್ಟ್ ಅನ್ನೋ ಅಧಿಕಾರಿಗೆ, ಹಿಂದಿನ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ರ ಮೊಮ್ಮಗ. ಆಗಸ್ಟ್ ಮಧ್ಯದಲ್ಲಿ ಮಾಡಿದ ಮೊದಲ ಪ್ರಯತ್ನ ನೆಲಕಚ್ಚಿತು, ಇರಾನಿನ ದೊರೆ ಶಾ ಹೆದರಿ ಬಾಗ್ದಾದಿಗೆ, ಅಲ್ಲಿಂದ ರೋಮ್‌ಗೆ ಓಡಿದರು. ಆಗಸ್ಟ್ 19ರಂದು ಬೀದಿಗೆ ಜನ ಬಂದರು, ಟ್ಯಾಂಕ್‌ಗಳು ಬಂದವು, ಮೊಸಾದೆಗ್ ಸರ್ಕಾರ ಬಿತ್ತು. ಮೊಸಾದೆಗ್‌ಗೆ ಮೂರು ವರ್ಷ ಜೈಲು, ಆಮೇಲೆ ಅಹ್ಮದಾಬಾದ್ ಅನ್ನೋ ಹಳ್ಳಿಯಲ್ಲಿ 1967ರಲ್ಲಿ ಸಾಯುವವರೆಗೂ ಗೃಹಬಂಧನ. (ನಮ್ಮ ಅಹಮದಾಬಾದ್ ಅಲ್ಲ, ಟೆಹರಾನ್ ಹತ್ತಿರದ್ದು.) 1954ರಲ್ಲಿ ಹೊಸ ಎಣ್ಣೆ ಒಪ್ಪಂದದಲ್ಲಿ ಅಮೆರಿಕದ ಕಂಪನಿಗಳಿಗೆ ಶೇ 40 ಪಾಲು ಸಿಕ್ಕಿತು. ಮೊಸಾದೆಗ್‌ರನ್ನು ಕೆಳಗಿಳಿಸಿದ್ದರಲ್ಲಿ ತಮ್ಮ ಕೈ ಇತ್ತು ಅಂತ ಹೇಳೋಕೆ ಅಮೆರಿಕಕ್ಕೆ ಹಿಡಿದದ್ದು ಎಷ್ಟು ಕಾಲ? 2000ದಲ್ಲಿ ವಿದೇಶಾಂಗ ಕಾರ್ಯದರ್ಶಿ ಮೆಡಲೀನ್ ಆಲ್‌ಬ್ರೈಟ್ ಭಾಷಣದಲ್ಲಿ ಒಪ್ಪಿಕೊಂಡರು. ಸಿಐಎಯ ಸ್ವಂತ ದಾಖಲೆ ನೇರವಾಗಿ ಹೇಳಿದ್ದು 2013ರಲ್ಲಿ ಹೊರಬಂತು.

ಇನ್ನು 1979. ಕ್ರಾಂತಿ ಎದ್ದು ಶಾ ದೇಶ ಬಿಟ್ಟದ್ದು ಜನವರಿಯಲ್ಲಿ, ಕ್ರಾಂತಿಯ ನಾಯಕ ಖೊಮೇನಿ ವಾಪಸ್ ಬಂದದ್ದು ಫೆಬ್ರವರಿ 1ಕ್ಕೆ. ಕ್ಯಾನ್ಸರ್ ಆಗಿದ್ದ ಶಾ ಅವರನ್ನು ಅಕ್ಟೋಬರ್‌ನಲ್ಲಿ ಚಿಕಿತ್ಸೆಗೆ ನ್ಯೂಯಾರ್ಕ್‌ಗೆ ಬಿಟ್ಟುಕೊಂಡರು. ಬಿಟ್ಟುಕೊಂಡರೆ ನಮಗೆ ಗ್ರಹಚಾರ ಅಂತ ಟೆಹರಾನ್‌ನ ಅಮೆರಿಕನ್ ರಾಯಭಾರ ಕಚೇರಿಯವರೇ ಮೊದಲೇ ಹೇಳಿದ್ದರು. ಆದ್ದರಿಂದ ನವೆಂಬರ್ 4ರಂದು ವಿದ್ಯಾರ್ಥಿಗಳು ಗೋಡೆ ಹತ್ತಿ ಆ ಕಚೇರಿಯೊಳಗೆ ನುಗ್ಗಿ ಸಿಬ್ಬಂದಿಯನ್ನು ಒತ್ತೆ ಹಿಡಿದದ್ದು ಪೂರ್ತಿ ಆಕಸ್ಮಿಕ ಅಲ್ಲ. ಆ ಹುಡುಗರ ತಲೆಯಲ್ಲಿ 1953 ಇತ್ತು. ಆಗಲೂ ಶಾ ಓಡಿಹೋಗಿದ್ದರು, ಅಮೆರಿಕ ವಾಪಸ್ ತಂದು ಕೂರಿಸಿತ್ತು, ಈಗಲೂ ಹಾಗೇ ಮಾಡ್ತಾರೆ ಅಂತ ಅವರ ಅನುಮಾನ. ಅಮೆರಿಕದಲ್ಲಿ ಟಿವಿ ಮುಂದೆ ಕೂತವರಿಗೆ ಮಾತ್ರ 1953ರಲ್ಲಿ ಏನಾಗಿತ್ತು ಅನ್ನೋದೇ ಗೊತ್ತಿರಲಿಲ್ಲ. 1980ರಲ್ಲಿ ಪತ್ರಿಕಾಗೋಷ್ಠಿಯೊಂದರಲ್ಲಿ ಅಧ್ಯಕ್ಷ ಕಾರ್ಟರ್‌ಗೆ ಆ ಪ್ರಶ್ನೆ ಬಂದಾಗ ಅದೆಲ್ಲ ಪುರಾತನ ಕಾಲದ ಕಥೆ ಅಂದುಬಿಟ್ಟರು. ಆಗಿನ್ನೂ 27 ವರ್ಷವೂ ಆಗಿರಲಿಲ್ಲ.

ಈಗ ನೀವೇ ಲೆಕ್ಕ ಹಾಕಿ. ಒಬ್ಬನಿಗೆ ನೆನಪು 1953ರಿಂದ ಶುರು, ಇನ್ನೊಬ್ಬನಿಗೆ 1979ರಿಂದ. ಇಬ್ಬರೂ ತಮ್ಮ ಮೂಗಿನ ನೇರಕ್ಕೆ ಸತ್ಯವನ್ನೇ ಹೇಳುತ್ತಾರೆ.

ಪ್ರಶ್ನೆ: 444 ದಿನ ಒತ್ತೆಯಾಳುಗಳಾಗಿದ್ದವರನ್ನು ಸರಿಯಾಗಿ ರೇಗನ್ ಪ್ರಮಾಣವಚನದ ದಿನವೇ ಬಿಟ್ಟದ್ದು ಯಾಕೆ?

ಕಾರ್ಟರ್ ಮುಖಕ್ಕೆ ಹೊಡೆಯಲಿಕ್ಕೆ, ಬೇರೆ ಏನು? ಬಿಡುಗಡೆಯ ಒಪ್ಪಂದ ಮಾಡಿದ್ದು ಕಾರ್ಟರ್ ಸರ್ಕಾರ. ಇರಾನಿನವರು ಅಮೆರಿಕದವರ ಜೊತೆ ಮುಖ ಕೊಟ್ಟು ಕೂರಲು ಒಪ್ಪಲಿಲ್ಲ, ಹಾಗಾಗಿ ಅಲ್ಜೀರಿಯಾದವರು ಟೆಹರಾನ್‌ಗೂ ವಾಷಿಂಗ್ಟನ್‌ಗೂ ತಿಂಗಳುಗಟ್ಟಲೆ ಓಡಾಡಿದರು. ಅಲ್ಜೀರ್ಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1981ರ ಜನವರಿ 19ಕ್ಕೆ. ಕೊನೆಯ ರಾತ್ರಿ ಕಾರ್ಟರ್ ತಮ್ಮ ಕಚೇರಿಯಲ್ಲೇ ಕಾದು ಕೂತಿದ್ದರು. ವಿಮಾನ ಟೆಹರಾನ್‌ನಿಂದ ಮೇಲೆದ್ದದ್ದು ಮರುದಿನ, ರೇಗನ್ ಪ್ರಮಾಣ ಮಾಡಿದ ಕೆಲವೇ ನಿಮಿಷಕ್ಕೆ. 52 ಜನ ವಾಪಸ್ ಬಂದರು.

ಈ ಪ್ರಸಂಗದಲ್ಲಿ ನನಗೆ ಮರೆಯೋಕೆ ಆಗದ ಇನ್ನೊಂದು ವಿಷಯ ಇದೆ. ದಾಳಿಯಾದಾಗ ಕಚೇರಿಯವರು ಗುಟ್ಟಿನ ಕಾಗದಗಳನ್ನು ಯಂತ್ರಕ್ಕೆ ಹಾಕಿ ಉದ್ದುದ್ದ ಚೂರು ಮಾಡಿದರು. ವಿದ್ಯಾರ್ಥಿಗಳು ಆ ಚೂರುಗಳನ್ನು ಎಸೆಯಲಿಲ್ಲ. ರತ್ನಗಂಬಳಿ ನೇಯುವ ಕಸುಬಿನವರನ್ನೂ ಕೂರಿಸಿಕೊಂಡು, ಎಳೆಗೆ ಎಳೆ ಹೊಂದಿಸಿ, ಹಾಳೆಗಳನ್ನು ಮತ್ತೆ ಜೋಡಿಸಿದರು, ಸಂಪುಟದ ಮೇಲೆ ಸಂಪುಟ ಪುಸ್ತಕ ಮಾಡಿ ಅಚ್ಚು ಹಾಕಿದರು. ಇಂಥ ತಾಳ್ಮೆ ಇರುವವರು ಮಾತುಕತೆಯ ಮೇಜಿನಲ್ಲಿ ಅವಸರ ಮಾಡ್ತಾರೆ ಅಂತ ಅಂದುಕೊಂಡ ಅಮೆರಿಕದ ಅಧ್ಯಕ್ಷರು ಎಷ್ಟು ಜನ!

ಆ ಬಿಕ್ಕಟ್ಟಿನ ನಡುವೆ 1980ರ ಏಪ್ರಿಲ್‌ನಲ್ಲಿ ಸೇನೆ ಕಳಿಸಿ ಬಿಡಿಸಿಕೊಳ್ಳಲು ಹೋಗಿ, ತಬಸ್ ಹತ್ತಿರದ ಮರುಭೂಮಿಯಲ್ಲಿ ಹೆಲಿಕಾಪ್ಟರ್ ಮತ್ತು ವಿಮಾನ ಡಿಕ್ಕಿಯಾಗಿ ಎಂಟು ಸೈನಿಕರು ಸತ್ತರು. ಅದನ್ನು ವಿರೋಧಿಸಿದ್ದ ವಿದೇಶಾಂಗ ಕಾರ್ಯದರ್ಶಿ ಸೈರಸ್ ವಾನ್ಸ್ ರಾಜೀನಾಮೆ ಕೊಟ್ಟರು. ತನ್ನ ಮಾತು ನಡೆಯಲಿಲ್ಲ ಅಂತ ಕುರ್ಚಿ ಬಿಡುವವರು ಈಗ ಎಲ್ಲಿದ್ದಾರೆ?

ಪ್ರಶ್ನೆ: ಇರಾನಿನ ಜನ ಇಷ್ಟಪಟ್ಟ ಅಮೆರಿಕದವರು ಒಬ್ಬರೂ ಇಲ್ಲವಾ?

ಇದ್ದಾರೆ. ಹೊವಾರ್ಡ್ ಬಾಸ್ಕರ್‌ವಿಲ್, ತಬ್ರೀಜ್‌ನ ಮಿಷನರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಹುಡುಗ. 1909ರಲ್ಲಿ ರಾಜನ ಸೇನೆ ಊರಿಗೆ ಮುತ್ತಿಗೆ ಹಾಕಿದಾಗ, ಸಂವಿಧಾನ ಬೇಕು ಅಂತ ಹೋರಾಡುತ್ತಿದ್ದವರ ಜೊತೆ ಸೇರಿದ. ಇದು ನಮ್ಮ ಜಗಳ ಅಲ್ಲ, ಸುಮ್ನಿರು ಅಂತ ಅಮೆರಿಕದ ಕಾನ್ಸುಲ್ ಹೇಳಿದರೂ ಕೇಳಲಿಲ್ಲ. ಗುಂಡು ತಗಲಿ ಸತ್ತಾಗ 24 ವರ್ಷ. ಸಮಾಧಿ ತಬ್ರೀಜ್‌ನಲ್ಲೇ ಇದೆ. ಎರಡು ವರ್ಷದ ನಂತರ ಮಾರ್ಗನ್ ಶುಸ್ಟರ್ ಅನ್ನೋ ಅಮೆರಿಕದವರು ಇರಾನಿನ ಖಜಾನೆ ಸರಿಮಾಡಲು ಬಂದರು, ಚೆನ್ನಾಗಿಯೇ ಮಾಡುತ್ತಿದ್ದರು, ಅದಕ್ಕೇ ರಷ್ಯಾ ಪಟ್ಟು ಹಿಡಿದು ಅವರನ್ನು ಓಡಿಸಿತು. ಆ ಕಾಲದ ಇರಾನಿನವರಿಗೆ ದರೋಡೆಕೋರರು ಅಂದರೆ ಬ್ರಿಟನ್ ಮತ್ತು ರಷ್ಯಾ. ಅಮೆರಿಕ ದೂರದ ಒಳ್ಳೆಯ ಮನುಷ್ಯ. ಆ ಹೆಸರನ್ನೆಲ್ಲ ಒಂದೇ ಆಗಸ್ಟ್‌ನಲ್ಲಿ ಕಳೆದುಕೊಂಡಿತು.

ಪ್ರಶ್ನೆ: ಅಮೆರಿಕದ ಅಧಿಕಾರಿಗಳು ಕೇಕ್ ತಗೊಂಡು ಗುಟ್ಟಾಗಿ ಟೆಹರಾನ್‌ಗೆ ಹೋಗಿದ್ದರಂತೆ. ಇದು ವಾಟ್ಸಾಪ್ ಕಥೆಯಾ?

ನಿಜವಾಗಲೂ ನಡೆದದ್ದು. 1986ರ ಮೇ ತಿಂಗಳು. ರೇಗನ್‌ರ ಹಿಂದಿನ ಭದ್ರತಾ ಸಲಹೆಗಾರ ರಾಬರ್ಟ್ ಮೆಕ್‌ಫರ್ಲೇನ್ ಮತ್ತು ತಂಡ ಐರ್ಲೆಂಡಿನ ನಕಲಿ ಪಾಸ್‌ಪೋರ್ಟ್ ಇಟ್ಟುಕೊಂಡು ಟೆಹರಾನ್‌ನಲ್ಲಿ ಇಳಿದರು. ವಿಮಾನದಲ್ಲಿ ಹಾಕ್ ಕ್ಷಿಪಣಿಯ ಬಿಡಿಭಾಗಗಳು, ಜೊತೆಗೆ ಕೀಲಿಕೈಯ ಆಕಾರದ ಅಲಂಕಾರ ಇದ್ದ ಒಂದು ಕೇಕ್. ಸ್ನೇಹದ ಬಾಗಿಲು ತೆರೆಯಲಿ ಅಂತ! ಕೇಕನ್ನು ಕಾವಲಿನವರು ತಿಂದರು ಅನ್ನುತ್ತಾರೆ. ದೊಡ್ಡ ನಾಯಕರು ಯಾರೂ ಭೇಟಿಗೆ ಬರಲಿಲ್ಲ, ನಾಲ್ಕು ದಿನ ಕಾದು ವಾಪಸ್ ಹೋದರು. ಆ ಹೊತ್ತಿಗೆ ಅಮೆರಿಕ ಬೇರೆ ದೇಶಗಳಿಗೆಲ್ಲ ಇರಾನ್‌ಗೆ ಆಯುಧ ಮಾರಬೇಡಿ ಅಂತ ಬುದ್ಧಿ ಹೇಳುತ್ತಿತ್ತು ಅನ್ನೋದನ್ನೂ ಸೇರಿಸಿಕೊಂಡು ಓದಿ. ನವೆಂಬರ್‌ನಲ್ಲಿ ಲೆಬನಾನಿನ ಒಂದು ಪತ್ರಿಕೆ ವಿಷಯ ಹೊರಹಾಕಿತು. ಆಯುಧ ಮಾರಿದ ದುಡ್ಡು ನಿಕರಾಗುವಾದ ಬಂಡುಕೋರರಿಗೆ ಹೋಗಿತ್ತು ಅನ್ನೋದು ಆಮೇಲೆ ಗೊತ್ತಾಯಿತು, ರೇಗನ್ ಸರ್ಕಾರದ ಮಾನ ಹೋಯಿತು.

ಪ್ರಶ್ನೆ: ತಪ್ಪು ಯಾರದು ಜಾಸ್ತಿ? ಹಾರಿಕೆಯ ಉತ್ತರ ಬೇಡ.

ಸರಿ, ಹಾರಿಕೆ ಬೇಡ. 1988ರ ಜುಲೈ 3ರಂದು ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟಿದ್ದ ಇರಾನ್ ಏರ್ 655 ವಿಮಾನವನ್ನು ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಹೊಡೆದುರುಳಿಸಿತು. ಯುದ್ಧವಿಮಾನ ಅಂದುಕೊಂಡೆವು ಅಂದರು. ಸತ್ತವರು 290 ಜನ, ಅದರಲ್ಲಿ 66 ಮಕ್ಕಳು. ಆಗ ನೌಕೆ ಇದ್ದದ್ದು ಇರಾನಿನ ಜಲಗಡಿಯ ಒಳಗೆ. 1996ರಲ್ಲಿ ಸತ್ತವರ ಮನೆಯವರಿಗೆ 6.18 ಕೋಟಿ ಡಾಲರ್ ಕೊಡಲು ಅಮೆರಿಕ ಒಪ್ಪಿತು, ಕಾನೂನಿನ ಹೊಣೆ ಮಾತ್ರ ಒಪ್ಪಲಿಲ್ಲ. ಆ ನೌಕೆಯ ಕ್ಯಾಪ್ಟನ್‌ಗೆ ಆಮೇಲೆ ಸೇವಾ ಪದಕವೂ ಸಿಕ್ಕಿತು. ಇದನ್ನು ಇರಾನಿನವರು ಹೇಗೆ ಮರೆಯಬೇಕು?

ಇನ್ನೊಂದು ಕಡೆ ನೋಡಿ. 1983ರಲ್ಲಿ ಬೈರೂತ್‌ನಲ್ಲಿ ಬಾಂಬ್ ತುಂಬಿದ ಲಾರಿ ನುಗ್ಗಿ 241 ಅಮೆರಿಕನ್ ಸೈನಿಕರು ಸತ್ತರು, ಅದರ ಹಿಂದೆ ಇದ್ದವರು ಇರಾನ್ ಸಾಕಿದ ಗುಂಪಿನವರು ಅಂತ ಅಮೆರಿಕದ ನ್ಯಾಯಾಲಯವೇ ಹೇಳಿದೆ. ಎರಡು ದೇಶದ ಪೌರತ್ವ ಇರುವವರನ್ನು ಬೇಹುಗಾರ ಅಂತ ಎವಿನ್ ಜೈಲಿಗೆ ಹಾಕಿ, ಆಮೇಲೆ ಅವರನ್ನು ಚೌಕಾಶಿಗೆ ಇಡೋದು ಇರಾನ್ ಸರ್ಕಾರಕ್ಕೆ ರೂಢಿಯಾಗಿಬಿಟ್ಟಿದೆ. 2020ರ ಜನವರಿ 8ರಂದು ತನ್ನದೇ ರಾಜಧಾನಿಯಿಂದ ಹೊರಟ ಉಕ್ರೇನಿನ ವಿಮಾನವನ್ನು ಇರಾನಿನ ಸೇನೆ ಹೊಡೆದು 176 ಜನರನ್ನು ಕೊಂದಿತು, ಮೂರು ದಿನ ನಾವಲ್ಲ ಅಂತ ಸುಳ್ಳು ಹೇಳಿತು.

ನನ್ನ ತೀರ್ಪು ಕೇಳಿದಿರಿ, ಹೇಳ್ತೀನಿ. 1953 ಮತ್ತು 2018 (ಅಮೆರಿಕ ಅಣು ಒಪ್ಪಂದ ಬಿಟ್ಟ ವರ್ಷ, ಅದು ಮುಂದೆ ಬರುತ್ತೆ), ಈ ಎರಡರಲ್ಲಿ ಅಮೆರಿಕದ ತಪ್ಪು ದೊಡ್ಡದು. ತನ್ನ ಜನರ ಮೇಲೆಯೇ ಇರಾನ್ ಸರ್ಕಾರ ನಡೆಸುವ ದಬ್ಬಾಳಿಕೆಗೆ ಮಾತ್ರ ಅಮೆರಿಕವನ್ನು ನೆಪ ಮಾಡೋ ಹಾಗಿಲ್ಲ.

ಪ್ರಶ್ನೆ: ಇರಾನ್‌ಗೆ ಅಣು ರಿಯಾಕ್ಟರ್ ಕೊಟ್ಟದ್ದೇ ಅಮೆರಿಕವಂತೆ?

ಹೌದು. ಒಪ್ಪಂದ ಆದದ್ದು 1957ರಲ್ಲಿ, ಟೆಹರಾನ್‌ನ 5 ಮೆಗಾವಾಟ್ ಸಂಶೋಧನಾ ರಿಯಾಕ್ಟರ್ ಶುರುವಾದದ್ದು 1967ರಲ್ಲಿ. ಶಾ ಇದ್ದಾಗ ಎಲ್ಲ ಸರಿ ಇತ್ತು ನೋಡಿ.

ಪ್ರಶ್ನೆ: ಅಷ್ಟು ಕಷ್ಟಪಟ್ಟು 2015ರಲ್ಲಿ ಅಣು ಒಪ್ಪಂದ ಮಾಡಿಕೊಂಡರು. ಮೂರೇ ವರ್ಷಕ್ಕೆ ಯಾಕೆ ಮುರಿದುಬಿತ್ತು? ಇರಾನ್ ಮೋಸ ಮಾಡಿತ್ತಾ?

ಮೋಸ ಮಾಡಿರಲಿಲ್ಲ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗಾರರು ಹೋಗಿ ನೋಡಿ, ಇರಾನ್ ಮಾತಿನಂತೆ ನಡೆದುಕೊಳ್ಳುತ್ತಿದೆ ಅಂತ ವರದಿ ಮೇಲೆ ವರದಿ ಕೊಟ್ಟರು.

ಒಪ್ಪಂದದ ತಿರುಳು ಇಷ್ಟೆ. ಯುರೇನಿಯಂ ಅನ್ನು ಸೆಂಟ್ರಿಫ್ಯೂಜ್ ಯಂತ್ರಗಳಲ್ಲಿ ತಿರುಗಿಸಿ ತಿರುಗಿಸಿ ಅದರಲ್ಲಿ ಉರಿಯುವ ಅಂಶವನ್ನು ಹೆಚ್ಚು ಮಾಡುತ್ತಾರೆ. ಕರೆಂಟ್ ತಯಾರಿಸಲು ಶೇ 3ರಿಂದ 5 ಸಾಕು, ಬಾಂಬಿಗೆ ಶೇ 90ರ ಹತ್ತಿರ ಬೇಕು. ಇರಾನ್ 15 ವರ್ಷ ಶೇ 3.67 ದಾಟಬಾರದು, 300 ಕೆ.ಜಿ.ಗಿಂತ ಜಾಸ್ತಿ ಇಟ್ಟುಕೊಳ್ಳಬಾರದು, ತಪಾಸಣೆಗೆ ಬಿಡಬೇಕು. ಅದಕ್ಕೆ ಬದಲಾಗಿ ನಿರ್ಬಂಧಗಳು ಸಡಿಲ. ಇದರ ಬೀಜ ಬಿದ್ದದ್ದು ಒಮಾನ್‌ನ ಗುಟ್ಟಿನ ಭೇಟಿಗಳಲ್ಲಿ, ಒಪ್ಪಿಗೆಯಾದದ್ದು ವಿಯೆನ್ನಾದಲ್ಲಿ, ಜುಲೈ 14ಕ್ಕೆ. ಅಮೆರಿಕ, ಇರಾನ್ ಜೊತೆಗೆ ಬ್ರಿಟನ್, ಫ್ರಾನ್ಸ್, ಜರ್ಮನಿ, ರಷ್ಯಾ, ಚೀನಾ ಕೂಡ ಇದ್ದವು.

ಆದರೆ ಒಬಾಮಾ ಅದನ್ನು ಸೆನೆಟ್ ಒಪ್ಪಿದ ಸಂಧಿಯಾಗಿ ಮಾಡಲಿಲ್ಲ. ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕು, ಅವರಿಗೆ ಸಿಗುತ್ತಿರಲಿಲ್ಲ. ಹಾಗಾಗಿ ಅದು ಒಬ್ಬ ಅಧ್ಯಕ್ಷ ತನ್ನ ಅಧಿಕಾರದ ಮೇಲೆ ತಂದದ್ದು, ಇನ್ನೊಬ್ಬ ಸಹಿ ಹಾಕಿ ತೆಗೆಯಬಹುದಾದದ್ದು. 2018ರ ಮೇ 8ರಂದು ಟ್ರಂಪ್ ತೆಗೆದೇಬಿಟ್ಟರು. ಕ್ಷಿಪಣಿ ಬಗ್ಗೆ ಏನೂ ಇಲ್ಲ, ಲೆಬನಾನ್, ಸಿರಿಯಾ, ಯೆಮನ್‌ನಲ್ಲಿ ಇರಾನ್ ಸಾಕುವ ಗುಂಪುಗಳ ಬಗ್ಗೆ ಏನೂ ಇಲ್ಲ, ಕೆಲವು ಷರತ್ತುಗಳಿಗೆ ಕೊನೆಯ ದಿನಾಂಕ ಇದೆ ಅನ್ನೋದು ಅವರ ದೂರು. ದೂರಿನಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಆದರೆ ಇದ್ದ ಒಪ್ಪಂದವನ್ನು ಬಿಟ್ಟು ಸಿಕ್ಕಿದ್ದೇನು? ಇರಾನ್ ಒಂದು ವರ್ಷ ಕಾದು ನೋಡಿತು, ಆಮೇಲೆ ಒಂದೊಂದೇ ಮಿತಿ ದಾಟಿತು, 2021ರಲ್ಲಿ ಶೇ 60ಕ್ಕೆ ಮುಟ್ಟಿತು. 2025ರ ಜೂನ್ ಹೊತ್ತಿಗೆ ಅಂಥ ಯುರೇನಿಯಂ 440 ಕೆ.ಜಿ. ಇತ್ತು. ಅಮೆರಿಕದ ಜೊತೆ ಮಾತು ಬೇಕು ಅಂತಿದ್ದ ಇರಾನಿನ ಅಧ್ಯಕ್ಷ ರೂಹಾನಿ, ವಿದೇಶಾಂಗ ಸಚಿವ ಜರೀಫ್ ಇಬ್ಬರೂ ತಮ್ಮ ಊರಿನಲ್ಲಿ ನಗೆಪಾಟಲಾದರು, ಅಮೆರಿಕವನ್ನು ನಂಬಬೇಡಿ ಅಂತ ಮೊದಲಿನಿಂದ ಕೂಗುತ್ತಿದ್ದವರು ಎದೆ ಉಬ್ಬಿಸಿಕೊಂಡು ಓಡಾಡಿದರು.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಇಬ್ಬರು ನಾಯಕರು ಸುಮ್ನೆ ಫೋನ್ ಮಾಡಿ ಮಾತಾಡಬಹುದಲ್ವಾ?

ಮಾಡಿದ್ದಾರೆ, ಒಂದು ಸಲ. 2013ರ ಸೆಪ್ಟೆಂಬರ್ 27. ವಿಶ್ವಸಂಸ್ಥೆಗೆ ಬಂದಿದ್ದ ರೂಹಾನಿ ನ್ಯೂಯಾರ್ಕ್ ಬಿಟ್ಟು ಹೊರಡುವಾಗ, ಕಾರಿನಲ್ಲಿ ಒಬಾಮಾ ಜೊತೆ ಕಾಲು ಗಂಟೆ ಮಾತಾಡಿದರು. 1979ರ ನಂತರ ಇಬ್ಬರು ಅಧ್ಯಕ್ಷರು ನೇರವಾಗಿ ಮಾತಾಡಿದ್ದು ಅದೇ ಮೊದಲು. ಊರಿಗೆ ಇಳಿದಾಗ ಕೆಲವರು ಜೈ ಅಂದರು, ಇನ್ನು ಕೆಲವರು ಕಾರಿಗೆ ಮೊಟ್ಟೆ, ಚಪ್ಪಲಿ ಎಸೆದರು. ಕಾಲು ಗಂಟೆಯ ಫೋನಿಗೇ ಇಷ್ಟು.

ಆದರೆ ಫೋನ್ ಎಷ್ಟು ಕೆಲಸ ಮಾಡುತ್ತೆ ಅನ್ನೋದಕ್ಕೆ ಒಂದು ಪ್ರಸಂಗ ಹೇಳಲೇಬೇಕು. 2016ರ ಜನವರಿ 12. ಅಮೆರಿಕದ ನೌಕಾಪಡೆಯ ಎರಡು ಸಣ್ಣ ದೋಣಿಗಳು ದಾರಿ ತಪ್ಪಿ ಫಾರ್ಸಿ ದ್ವೀಪದ ಹತ್ತಿರ ಇರಾನಿನ ನೀರಿಗೆ ಹೋದವು. ಇರಾನಿನ ರೆವಲ್ಯೂಷನರಿ ಗಾರ್ಡ್‌ನವರು ಹತ್ತು ನಾವಿಕರನ್ನು ಹಿಡಿದರು, ಮಂಡಿಯೂರಿಸಿ ಕೈ ತಲೆಯ ಮೇಲೆ ಇಡಿಸಿ ವಿಡಿಯೊ ಮಾಡಿದರು. ಆವತ್ತೇ ರಾತ್ರಿ ಒಬಾಮಾ ಸಂಸತ್ತಿನ ಮುಂದೆ ವಾರ್ಷಿಕ ಭಾಷಣ ಮಾಡಬೇಕು. ಅಣು ಒಪ್ಪಂದ ಜಾರಿಗೆ ಬರಲು ಇನ್ನು ನಾಲ್ಕು ದಿನ. ಇನ್ನೊಂದು ಒತ್ತೆಯಾಳು ಬಿಕ್ಕಟ್ಟಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕಾ? ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರ್ರಿ ಜರೀಫ್‌ಗೆ ಫೋನ್ ಮಾಡಿದರು. ಮತ್ತೆ ಮಾಡಿದರು, ಮತ್ತೆ ಮಾಡಿದರು. ಎರಡು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತು ಜಗಳವಾಡಿದವರು, ನಂಬರ್ ಇತ್ತು, ಯಾವ ಮಾತಿಗೆ ಕೋಪ ಬರುತ್ತೆ ಅಂತ ಗೊತ್ತಿತ್ತು. ಮರುದಿನ ಬೆಳಗ್ಗೆಯೇ ಹತ್ತೂ ಜನ ದೋಣಿ ಸಮೇತ ವಾಪಸ್. ಒಂದು ದಿನವೂ ಹಿಡಿಯಲಿಲ್ಲ.

ಮೊದಲನೇ ಉತ್ತರದಲ್ಲಿ ಸಣ್ಣ ಮಾತು ಅಂದೆನಲ್ಲ, ಅದು ಇದೇ. ದುಃಖ ಏನಂದರೆ ಇಲ್ಲಿ ಅದನ್ನು ಇಬ್ಬರು ಮಂತ್ರಿಗಳೇ ಮಾಡಬೇಕಾಯಿತು. ಅವರು ಕುರ್ಚಿಯಿಂದ ಇಳಿದ ಮೇಲೆ ಆ ನಂಬರಿಗೂ ಬೆಲೆ ಇಲ್ಲ.

ಪ್ರಶ್ನೆ: ಒಬಾಮಾ ವಿಮಾನದಲ್ಲಿ ನೋಟಿನ ಕಂತೆ ತುಂಬಿ ಇರಾನ್‌ಗೆ ಕಳಿಸಿದ್ದು ಸುಳ್ಳು ತಾನೆ?

ನಿಜ ಸ್ವಾಮಿ. 2016ರ ಜನವರಿಯಲ್ಲಿ 40 ಕೋಟಿ ಡಾಲರ್ ಮೌಲ್ಯದ ಯೂರೋ, ಸ್ವಿಸ್ ಫ್ರಾಂಕ್ ಇತ್ಯಾದಿ ನೋಟುಗಳು ವಿಮಾನದಲ್ಲಿ ಹೋದವು. ಆದರೆ ಅದು ದಾನವಲ್ಲ, ಇರಾನಿನದೇ ದುಡ್ಡು. ಶಾ ಕಾಲದಲ್ಲಿ ಆಯುಧಕ್ಕೆ ಅಂತ ಮುಂಗಡ ಕೊಟ್ಟಿದ್ದರು, ಕ್ರಾಂತಿ ಆಯಿತು, ಆಯುಧ ಹೋಗಲಿಲ್ಲ, ದುಡ್ಡೂ ಹೋಗಲಿಲ್ಲ. ಇಂಥ ಲೆಕ್ಕ ತೀರಿಸಲಿಕ್ಕೆ ಅಲ್ಜೀರ್ಸ್ ಒಪ್ಪಂದದಂತೆ ಹೇಗ್ ನಗರದಲ್ಲಿ ಒಂದು ನ್ಯಾಯಮಂಡಳಿ ಇದೆ, 1981ರಿಂದ ಇದೆ. ಅಲ್ಲಿ ಕೇಸ್ ಸೋಲುವ ಹಾಗಿತ್ತು ಅಂತ ಒಬಾಮಾ ಸರ್ಕಾರ ರಾಜಿ ಮಾಡಿಕೊಂಡಿತು, ಬಡ್ಡಿ ಸೇರಿ ಒಟ್ಟು 170 ಕೋಟಿ ಡಾಲರ್. ನಿರ್ಬಂಧಗಳ ಕಾರಣ ಬ್ಯಾಂಕ್ ಮೂಲಕ ಕಳಿಸುವ ದಾರಿ ಮುಚ್ಚಿತ್ತು, ಅದಕ್ಕೇ ನೋಟು. ಅದೇ ದಿನ ಇರಾನ್ ಅಮೆರಿಕನ್ ಕೈದಿಗಳನ್ನು ಬಿಟ್ಟಿತು. ಎರಡಕ್ಕೂ ಸಂಬಂಧ ಇಲ್ಲ ಅಂತ ಮೊದಲು ಹೇಳಿದರು, ಕೈದಿಗಳು ಹೊರಡುವವರೆಗೂ ದುಡ್ಡು ತಡೆಹಿಡಿದಿದ್ದೆವು ಅಂತ ಆಮೇಲೆ ಹೇಳಿದರು. ಓದುಗರು ಜಾಣರಿದ್ದೀರಿ.

ಪ್ರಶ್ನೆ: ಫುಟ್‌ಬಾಲ್‌ನಲ್ಲಾದರೂ ಇವರು ಸ್ನೇಹದಿಂದ ಆಡಿದ್ದುಂಟಾ?

1998ರ ವಿಶ್ವಕಪ್, ಫ್ರಾನ್ಸಿನ ಲಿಯೋನ್, ಜೂನ್ 21. ನಿಯಮದ ಪ್ರಕಾರ ಇರಾನ್ ತಂಡ ಅಮೆರಿಕ ತಂಡದ ಕಡೆಗೆ ನಡೆದು ಹೋಗಿ ಕೈಕುಲುಕಬೇಕಿತ್ತು. ಹೋಗಬೇಡಿ ಅಂತ ಟೆಹರಾನ್‌ನಿಂದ ಮಾತು ಬಂತು. ಕೊನೆಗೆ ಅಮೆರಿಕದವರೇ ಇವರ ಕಡೆ ನಡೆಯೋದು ಅಂತ ತೀರ್ಮಾನವಾಯಿತು. ಇರಾನಿನ ಆಟಗಾರರು ಅವರಿಗೆ ಬಿಳಿ ಗುಲಾಬಿ ಕೊಟ್ಟರು, ಎರಡೂ ತಂಡ ಬೆರೆತು ಫೋಟೊ ತೆಗೆಸಿಕೊಂಡರು, ಆಮೇಲೆ ಇರಾನ್ 2–1ರಿಂದ ಗೆದ್ದಿತು. ಯಾರು ಯಾರ ಕಡೆಗೆ ಹತ್ತು ಹೆಜ್ಜೆ ಇಡಬೇಕು ಅನ್ನೋದೂ ಸರ್ಕಾರದ ಮಟ್ಟದ ವಿಷಯ, ನೋಡಿ.

ಪ್ರಶ್ನೆ: ಭಾರತ ಮಧ್ಯಸ್ಥಿಕೆ ವಹಿಸಬಾರದೇಕೆ?

ಅಮೆರಿಕ ಕಣ್ಣು ಬಿಟ್ಟಿತು ಅಂತ 2019ರ ಮೇನಲ್ಲಿ ಇರಾನಿನ ಎಣ್ಣೆ ಕೊಳ್ಳೋದನ್ನೇ ನಿಲ್ಲಿಸಿದವರು ನಾವು. ಪಂಚಾಯಿತಿಗೆ ಕರೆಯುವ ಮೊದಲು ಅವರು ಎರಡು ಸಲ ಯೋಚನೆ ಮಾಡ್ತಾರೆ.

ಪ್ರಶ್ನೆ: 2025ರಲ್ಲಿ ಮಾತುಕತೆ ನಡೆಯುತ್ತಿರುವಾಗಲೇ ಬಾಂಬ್ ಹಾಕಿದರಲ್ಲ, ಇನ್ನು ಇರಾನ್ ಯಾಕೆ ಮಾತಿಗೆ ಬರಬೇಕು?

ನಿಮ್ಮ ಸಿಟ್ಟು ಅರ್ಥವಾಗುತ್ತೆ. ಏಪ್ರಿಲ್ 12ಕ್ಕೆ ಮಸ್ಕತ್‌ನಲ್ಲಿ ಸ್ಟೀವ್ ವಿಟ್‌ಕಾಫ್ (ಟ್ರಂಪ್‌ರ ದೂತ) ಮತ್ತು ಇರಾನಿನ ವಿದೇಶಾಂಗ ಸಚಿವ ಅಬ್ಬಾಸ್ ಅರಾಗ್ಚಿ ಮಾತು ಶುರು ಮಾಡಿದರು. ಹೆಚ್ಚಿನಂಶ ಒಮಾನಿನ ಸಚಿವರೇ ಈ ಕೋಣೆಯಿಂದ ಆ ಕೋಣೆಗೆ ಚೀಟಿ ಹೊತ್ತು ತಿರುಗಿದರು. ಐದು ಸುತ್ತು ಆಯಿತು, ಆರನೆಯದಕ್ಕೆ ಜೂನ್ 15ರ ದಿನಾಂಕ ಇತ್ತು. 13ರಂದು ಇಸ್ರೇಲ್ ದಾಳಿ ಮಾಡಿತು, 22ರಂದು ಅಮೆರಿಕದ ಬಿ–2 ವಿಮಾನಗಳು ಇರಾನಿನ ಅಣು ಘಟಕಗಳಿರುವ ಫೋರ್ಡೊ, ನತಾಂಜ್ ಮೇಲೆ ನೆಲ ಕೊರೆಯುವ ಬಾಂಬ್ ಹಾಕಿದವು, ಇಸ್ಫಹಾನ್ ಮೇಲೆ ಜಲಾಂತರ್ಗಾಮಿಯಿಂದ ಕ್ಷಿಪಣಿ ಬಂತು.

ಮರುದಿನ ಇರಾನ್ ಕತಾರ್‌ನಲ್ಲಿರುವ ಅಮೆರಿಕದ ಅಲ್ ಉದೈದ್ ನೆಲೆಗೆ ಕ್ಷಿಪಣಿ ಹಾರಿಸಿತು, ಹಾರಿಸುವ ಮೊದಲು ತಿಳಿಸಿಯೇ ಹಾರಿಸಿತು. ಮೊದಲೇ ತಿಳಿಸಿದ್ದಕ್ಕೆ ಥ್ಯಾಂಕ್ಸ್ ಅಂತ ಟ್ರಂಪ್ ಬರೆದರು! 24ಕ್ಕೆ ಕದನವಿರಾಮ. ಬಾಂಬ್ ಬೀಳುವಾಗಲೂ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಿದ್ದರು ಅಂದರೆ, ಯಾಕೆ ಮಾತಿಗೆ ಬರಬೇಕು ಅನ್ನೋ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಬೇರೆ ದಾರಿ ಇಲ್ಲ ಅಂತ ಇಬ್ಬರಿಗೂ ಗೊತ್ತು. ಸೆಪ್ಟೆಂಬರ್ ಕೊನೆಗೆ ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳೂ ಯುರೋಪಿನವರ ಒತ್ತಾಯದಿಂದ ವಾಪಸ್ ಬಂದವು, ಅದರೊಂದಿಗೆ 2015ರ ಒಪ್ಪಂದದಲ್ಲಿ ಉಳಿದಿದ್ದ ಕಾಗದವೂ ಹೋಯಿತು.

ಪ್ರಶ್ನೆ: ಇದರಲ್ಲಿ ಸಾಮಾನ್ಯ ಜನರಿಗೆ ಏನು ತೊಂದರೆ? ನಾಯಕರು ಜಗಳವಾಡಿಕೊಳ್ಳಲಿ ಬಿಡಿ.

ಲಾಸ್ ಏಂಜಲಿಸ್ ಸುತ್ತ ಎಷ್ಟು ಇರಾನಿಯರಿದ್ದಾರೆ ಅಂದರೆ ಒಂದು ಭಾಗವನ್ನು ಟೆಹ್ರಾಂಜಲಿಸ್ ಅಂತಲೇ ಕರೆಯುತ್ತಾರೆ. ಅಲ್ಲಿರುವ ಮಗಳನ್ನು ನೋಡಲು ಶಿರಾಜ್‌ನ ತಾಯಿ ಹೋಗಬೇಕು ಅಂದರೆ, ಇರಾನಿನಲ್ಲಿ ಅಮೆರಿಕದ ವೀಸಾ ಕೊಡುವವರೇ ಇಲ್ಲ. ಅಂಕಾರಾಗೋ ಯೆರೆವಾನ್‌ಗೋ ದುಬೈಗೋ ಸ್ವಂತ ಖರ್ಚಿನಲ್ಲಿ ಹೋಗಿ ಸಂದರ್ಶನ ಕೊಡಬೇಕು. ರಿಯಾಲ್ ಬೆಲೆ ಕುಸಿದಿರುವಾಗ ಅದು ಒಂದು ಮನೆಯ ತಿಂಗಳುಗಟ್ಟಲೆ ಸಂಪಾದನೆ. ಅಷ್ಟು ಮಾಡಿ ಹೋದರೂ ಇಲ್ಲ ಅನ್ನಬಹುದು. 2017ರ ಪ್ರವೇಶ ನಿಷೇಧದಲ್ಲಿ ಇರಾನ್ ಇತ್ತು, 2025ರ ಜೂನ್‌ನ ಪಟ್ಟಿಯಲ್ಲೂ ಇದೆ. ಔಷಧಿಗೆ ನಿರ್ಬಂಧ ಇಲ್ಲ ಅಂತ ಕಾನೂನಿನಲ್ಲಿ ಬರೆದಿದೆ, ಆದರೆ ಅಮೆರಿಕಕ್ಕೆ ಹೆದರಿ ಬ್ಯಾಂಕ್‌ಗಳು ಹಣ ಕಳಿಸಿಕೊಡಲ್ಲ, ಹಣ ಹೋಗದೆ ಔಷಧಿ ಬರಲ್ಲ.

ಪ್ರಶ್ನೆ: ವಾಷಿಂಗ್ಟನ್‌ನಲ್ಲಿರುವ ಇರಾನಿನ ರಾಯಭಾರ ಕಚೇರಿ ಈಗ ಯಾರ ಕೈಯಲ್ಲಿದೆ? ಅದು ಮತ್ತೆ ತೆರೆಯುತ್ತಾ?

ಮ್ಯಾಸಚೂಸೆಟ್ಸ್ ಅವೆನ್ಯೂನಲ್ಲಿದೆ, ಶಾ ಕಾಲದಲ್ಲಿ ಹಾಲಿವುಡ್ ತಾರೆಯರು ಬರುವ ಪಾರ್ಟಿಗಳಿಗೆ ಹೆಸರಾಗಿತ್ತು. ಈಗ ಅಮೆರಿಕದ ವಿದೇಶಾಂಗ ಇಲಾಖೆಯೇ ಅದನ್ನು ಕಾಯುತ್ತಿದೆ. ಟೆಹರಾನ್‌ನ ತಾಲೆಘಾನಿ ಬೀದಿಯಲ್ಲಿರುವ ಅಮೆರಿಕದ ಕಚೇರಿ ಬೇಹುಗಾರರ ಗುಹೆ ಅನ್ನೋ ಹೆಸರಿನ ಮ್ಯೂಸಿಯಂ ಆಗಿದೆ, ಟಿಕೆಟ್ ತಗೊಂಡು ಒಳಗೆ ಹೋಗಬಹುದು.

ರಾಯಭಾರಿಗಳು ಬರುತ್ತಾರಾ ಅನ್ನೋದನ್ನು ಬಿಡಿ, ಅದು ಬಹಳ ದೂರದ ಮಾತು. ಒಂದು ಕೌಂಟರ್ ಬಂದರೂ ಸಾಕು. 2008ರಲ್ಲಿ ಬುಷ್ ಸರ್ಕಾರವೇ ಟೆಹರಾನ್‌ನಲ್ಲಿ ತನ್ನದೇ ಅಧಿಕಾರಿಗಳನ್ನು ಕೂರಿಸುವ ಸಣ್ಣ ಕಚೇರಿಯ ಬಗ್ಗೆ ಯೋಚನೆ ಮಾಡಿತ್ತು, ವೀಸಾ ಕೊಡಲಿಕ್ಕೆ, ಊರಿನ ಗಾಳಿ ತಿಳಿಯಲಿಕ್ಕೆ. ಅದು ಕೈಗೂಡಲಿಲ್ಲ. ಕ್ಯೂಬಾ ಜೊತೆ ಅಮೆರಿಕ ಅದನ್ನೇ ಮಾಡಿತ್ತು. ಸಂಬಂಧ ಮುರಿದದ್ದು 1961ರಲ್ಲಿ, 1977ರಿಂದ ಹವಾನಾದಲ್ಲಿ ಸ್ವಿಸ್ ಬಾವುಟದ ಕೆಳಗೆ ಅಮೆರಿಕದ ಅಧಿಕಾರಿಗಳೇ ಕೂತು ಕೆಲಸ ಮಾಡಿದರು, ಬೈಗುಳದ ನಡುವೆಯೂ ವೀಸಾ ಕೊಟ್ಟರು. 2015ರಲ್ಲಿ ರಾಯಭಾರ ಕಚೇರಿ ಮತ್ತೆ ತೆರೆದಾಗ ಅದೇ ಕಟ್ಟಡ, ಹೊರಗಿನ ಬೋರ್ಡ್ ಮಾತ್ರ ಬದಲಾಯಿಸಿದರು.